ಚಿಕ್ಕೋಡಿಯ ಮನೆ ಫೋಟೋಕ್ಕೆ ಕೂತದ್ದು

ಕೆಲವರಿಗೆ ಜೀವನದುದ್ದಕ್ಕೂ ಹಾವುಗಳು ಅಡ್ಡ ಬರುತ್ತವೆ, ಕೆಲವರಿಗೆ ಸಾಲ ಕೇಳುವವರು ಗಂಟು ಬೀಳುತ್ತಾರೆ. ನನಗೆ ಗಂಟು ಬಿದ್ದವರೆಲ್ಲ ಫೋಟೋ ತೆಗೆಯುವವರು. ನಿವೃತ್ತಿಯಾಗಿ ಆರಾಮಾಗಿ ಕೂತ ಈಗ ನೆನಪಾದರೆ ಹೊಟ್ಟೆ ಹಿಡಿದುಕೊಂಡು ನಗುತ್ತೇನೆ. ಆದರೆ ಆಗ ಪ್ರತಿ ಸಲವೂ ಬಾಯಿ ತೆರೆದುಕೊಂಡು ನಿಂತದ್ದೇ ಬಂತು.

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನನಗೆ ನಿಪ್ಪಾಣಿಯ ಕಾಲೇಜಿನಲ್ಲಿ ಇತಿಹಾಸ ಕಲಿಸುವ ಕೆಲಸ, ಮನೆ ಚಿಕ್ಕೋಡಿಯಲ್ಲಿ. ದಿನಾ ಬಸ್ಸಿನಲ್ಲಿ ನಿಂತು ಹೋಗಿ, ನಿಂತು ಪಾಠ ಮಾಡಿ, ನಿಂತೇ ವಾಪಸು ಬರುತ್ತಿದ್ದೆ. ಅಷ್ಟರಲ್ಲಿ ಕಾಲೇಜಿನ ಹಿಂದೆಯೇ ಒಂದು ಮನೆ ಮಾರಾಟಕ್ಕೆ ಬಂತು. ನನ್ನ ಹೆಂಡತಿ ಅದನ್ನು ಒಮ್ಮೆ ನೋಡಿ ಬಂದವಳೇ ಅದರ ಅಡಿಗೆಮನೆಯಲ್ಲಿ ಮನಸ್ಸಿನೊಳಗೇ ಡಬ್ಬಿಗಳನ್ನೆಲ್ಲ ಜೋಡಿಸಿಬಿಟ್ಟಿದ್ದಳು. ಮನೆಯ ಮಾಲಕ ಮಾತ್ರ ಖಡಕ್ ಮನುಷ್ಯ.

"ದೀಪಾವಳಿ ತನಕಾ ದಾರಿ ನೋಡ್ತೀನ್ರಿ ಸರ್. ಅಷ್ಟರಾಗ ನಿಮ್ಮ ಚಿಕ್ಕೋಡಿ ಮನಿ ಮಾರಿ ಹೋತಂದ್ರ, ಈ ಮನಿ ನಿಮ್ಮದು. ಇಲ್ಲಾಂದ್ರ ತಂಬಾಕದ ವ್ಯಾಪಾರಿ ಒಬ್ಬಾವ ದಿನಾ ಬಂದು ಬಾಗಲಾ ಬಡ್ಯಾಕತ್ತಾನ."

ನಮ್ಮ ಚಿಕ್ಕೋಡಿ ಮನೆ ಗಟ್ಟಿ ಮನೆ. ಕಲ್ಲಿನ ಗೋಡೆ, ಸಾಗವಾನಿ ಕಂಬ, ಹಿತ್ತಲಲ್ಲಿ ಬಾವಿ. ಕೊಳ್ಳುವವರಿಗೂ ಬರಗಾಲವಿರಲಿಲ್ಲ. ಆದರೆ ಎಲ್ಲರೂ ಪರ ಊರಿನವರು, ಎಲ್ಲರದೂ ಒಂದೇ ಮಾತು: "ಮೊದಲ ಒಂದು ಫೋಟೋ ಕಳಸ್ರಿ." ಅದೇನು ದೊಡ್ಡ ಕೆಲಸ ಅಂದುಕೊಂಡೆ.

ಓಣಿ ಬಂತು, ಮನೆ ಬರಲಿಲ್ಲ

ಮೊದಲು ಕೇಳಿದವರು ಏಕಸಂಬಿಯ ಕಡೆಯವರು, ಮುಂಬೈಯ ಬ್ಯಾಂಕಿನಲ್ಲಿದ್ದರು. ನಾನು ಬಜಾರದ ಸ್ಟುಡಿಯೋದವನನ್ನು ಕರೆದುಕೊಂಡು ಬಂದೆ.

ಆಗಿನ ಕಾಲದಲ್ಲಿ ನಮ್ಮ ಕಡೆ ಫೋಟೋದವನು ಮನೆಗೆ ಬರುತ್ತಿದ್ದದ್ದು ಎರಡೇ ಕೆಲಸಕ್ಕೆ. ಒಂದು, ಕನ್ಯೆಯ ಫೋಟೋ. ಇನ್ನೊಂದು, ಯಾರಾದರೂ ತೀರಿಕೊಂಡಾಗ. ಹೋದವರನ್ನು ಮನೆಯ ಮುಂದೆ ಕುರ್ಚಿಯಲ್ಲಿ ಕೂಡಿಸಿ, ವಿಭೂತಿ ಹಚ್ಚಿ, ಹೂವಿನ ಹಾರ ಹಾಕಿ, ಮನೆಯವರೆಲ್ಲ ಅಕ್ಕಪಕ್ಕ ನಿಂತು ತೆಗೆಸಿದ ಫೋಟೋ ಪ್ರತಿ ಮನೆಯ ಗೋಡೆಯ ಮೇಲೂ ಇರುತ್ತಿತ್ತು. ಹೀಗಾಗಿ ಸ್ಟುಡಿಯೋದವ ಅಂಗಳದಲ್ಲಿ ಮೂರು ಕಾಲಿನ ಸ್ಟ್ಯಾಂಡ್ ಊರಿದ್ದೇ ತಡ, ಎದುರುಮನೆಯ ಮುದುಕಿ ಸೆರಗು ಹೊದ್ದುಕೊಂಡು ಅಳುತ್ತಲೇ ಓಡಿ ಬಂದಳು.

"ಯಪ್ಪಾ ದೇವರೇ! ಯಾರ ಹೋದ್ರೋ ತಮ್ಮಾ?"

"ಯಾರೂ ಹೋಗಿಲ್ಲಬೇ ಯಮ್ಮಾ. ಮನಿ ಫೋಟೋ ತಗಸಾಕತ್ತೀನಿ."

ನಲ್ಲಿ ಬಂದ್ ಮಾಡಿದ ಹಾಗೆ ಅಳು ನಿಂತಿತು. "ಹಂಗಾರ ತಡಿ, ಚಲೋ ಸೀರಿ ಉಟಗೊಂಡ ಬರ್ತೀನಿ."

ಆಕೆ ಒಬ್ಬಳೇ ಉಟ್ಟುಕೊಂಡು ಬಂದಿದ್ದರೆ ನಡೆಯುತ್ತಿತ್ತು. ಇಡೀ ಓಣಿ ಬಂತು. ಹೆಂಗಸರು ಇಳಕಲ್ ಸೀರೆಯಲ್ಲಿ, ಗಂಡಸರು ಲಗ್ನದ ಕೋಟಿನಲ್ಲಿ. ಒಬ್ಬ ತನ್ನ ಹೋರಿಯ ಕೊಂಬಿಗೆ ಬಣ್ಣ ಹಚ್ಚಿಯೇ ಹಿಡಿದುಕೊಂಡು ಬಂದ. "ಎಲ್ಲಾರೂ ಸರೀರಿ, ನನಗ ಮನಿ ಒಂದ ಬೇಕು!" ಎಂದು ಕೂಗಿದೆ. ಸ್ಟುಡಿಯೋದವನೇ ಹೌಹಾರಿದ.

"ಮನಷ್ಯಾರಿಲ್ಲದ ಖಾಲಿ ಮನೀದು ಫೋಟೋ ತಗೀಲೇನ್ರಿ? ಭೂತ ಹೊಕ್ಕ ಮನಿ ಅಂತಾರ್ರಿ ಸರ್. ಮಂದಿ ಇದ್ರ ಕಳಾ ಬರತೈತಿ."

ಕಳೆ ಬಂತು. ಮುಂದೆ ಕೂತವರು, ಹಿಂದೆ ನಿಂತವರು, ಅವರ ಹಿಂದೆ ಏಣಿ ಹತ್ತಿದವರು. ಎಲ್ಲರ ತಲೆಯ ಮೇಲೆ ನಮ್ಮ ಮನೆಯದು ಅನ್ನಲು ಒಂದು ಸಾಲು ಹಂಚು. ಮುಂಬೈಯಿಂದ ಲಗೂನೇ ಉತ್ತರ ಬಂತು: "ಮನೆ ಚೆನ್ನಾಗಿರಬಹುದು. ಆದರೆ ಇಷ್ಟು ಜನ ಬಾಡಿಗೆಯವರನ್ನು ಖಾಲಿ ಮಾಡಿಸುವ ತಾಕತ್ತು ಈ ವಯಸ್ಸಿನಲ್ಲಿ ನನಗಿಲ್ಲ."

ಮನೆಯ ಎಡಗಲ್ಲ

"ನಿಪ್ಪಾಣ್ಯಾಗ ಒಬ್ಬಾವ ಅದಾನಂತ," ಎಂದಳು ಹೆಂಡತಿ. "ಅವಾ ತಗದ ಫೋಟೋ ನೋಡಿ ಎಂಥೆಂಥಾವ್ರ ಲಗ್ನ ಆಗ್ಯಾವು. ನಮ್ಮ ಮನಿ ಏನು ಅವರಕಿಂತ ಕಡಿಮಿ ಐತೇನು?"

ಆ ಮಹಾಶಯ ಬಂದ. ಕನ್ಯೆ ನೋಡಲು ಬಂದವನ ಹಾಗೆ ತಲೆ ಓರೆ ಮಾಡಿ ಮನೆಯ ಸುತ್ತ ತಿರುಗಾಡಿದ. ಕಡೆಗೆ ನನ್ನನ್ನು ಪಕ್ಕಕ್ಕೆ ಕರೆದು ದನಿ ತಗ್ಗಿಸಿ, "ಸರ್, ಇದರ ಎಡಗಲ್ಲ ಬರೋಬ್ಬರಿ ಇಲ್ಲ," ಎಂದ. ಎಡಗೋಡೆಯಲ್ಲಿ ಒಂದು ಬಿರುಕು ಇದ್ದದ್ದು ನಿಜ.

"ಏನ ಮಾಡೂದು?"

"ಕಾಳಜಿ ಬಿಡ್ರಿ. ಸಿಡುಬಿನ ಕಲಿ ಬಿದ್ದ ಮಾರೀನ ಬೆಣ್ಣಿಯಂಗ ಮಾಡೀನಿ, ಇದ್ಯಾವ ಲೆಕ್ಕ? ಬ್ರಶ್ ನನ್ನ ಕೈಯಾಗ ಐತಿ. ಏಕದಂ ಝಕಾಸ್ ಮಾಡಿಕೊಡ್ತೀನಿ."

ಆಗ ಅಥಣಿಯ ಬೆಲ್ಲದ ವ್ಯಾಪಾರಿಯೊಬ್ಬರು ಮನೆ ಕೇಳುತ್ತಿದ್ದರು. ಅವಸರವಿದ್ದದ್ದರಿಂದ ಫೋಟೋ ನೇರ ಅವರಿಗೇ ಕಳಿಸು, ನನಗೊಂದು ಪ್ರತಿ ಆಮೇಲೆ ಕೊಡು ಎಂದು ಹೇಳಿ ನಾನು ಪರೀಕ್ಷೆಯ ಕೆಲಸಕ್ಕೆ ಹೋದೆ.

ರವಿವಾರ ಮುಂಜಾನೆ ಕಟ್ಟೆಯ ಮೇಲೆ ಪೇಪರ್ ಓದುತ್ತ ಕೂತಿದ್ದೆ. ಬಿಳಿ ಟೊಪ್ಪಿಗೆಯ ಗೃಹಸ್ಥರೊಬ್ಬರು ಹೆಂಡತಿಯ ಜೊತೆ ಓಣಿಯ ಆ ತುದಿಯಿಂದ ಈ ತುದಿ, ಈ ತುದಿಯಿಂದ ಆ ತುದಿ ಅಡ್ಡಾಡುತ್ತಿದ್ದರು. ಕಡೆಗೆ ನನ್ನ ಹತ್ತಿರ ಬಂದು ಒಂದು ಫೋಟೋ ಮುಂದೆ ಹಿಡಿದರು.

"ಈ ಮನಿ ಎಲ್ಲೈತ್ರಿ? ಮಾಲಕಗ ಗೊತ್ತಾಗದಂಗ ಮೊದಲ ಹೊರಗಿಂದ ನೋಡಿ ಹೋಗೂಣು ಅಂತ ಬಂದೀವ್ರಿ."

ನೋಡಿದೆ. ಆಹಾ, ಏನು ಮನೆ! ಹಾಲಿನಂಥ ಗೋಡೆ. ಮುಂದೆ ಗುಲಾಬಿ ತೋಟ. ಪಕ್ಕದಲ್ಲಿ ಒಂದು ಲೈಟಿನ ಕಂಬ ಇಲ್ಲ, ಆತುಕೊಂಡ ನೆರೆಮನೆ ಇಲ್ಲ. ಹಿಂದೆ ಗುಡ್ಡ, ಗುಡ್ಡದ ಮೇಲೆ ಮೋಡ.

"ಇಂಥಾ ಮನಿ ನಮ್ಮ ಓಣ್ಯಾಗ ಏನು, ಇಡೀ ಚಿಕ್ಕೋಡ್ಯಾಗ ಇಲ್ರಿ," ಎಂದೆ. "ಯಾರೋ ನಿಮಗ ಟೊಪ್ಪಿಗಿ ಹಾಕ್ಯಾರ. ಈಗ ಇಂಥಾ ಮಂದಿ ಭಾಳ ಆಗ್ಯಾರ್ರಿ. ಆ ಮಾಲಕನ್ನ ನಂಬಬ್ಯಾಡ್ರಿ."

ಪಾಪ, ಕುಡಿಯಲು ನೀರು ಕೊಟ್ಟು ಬಸ್ ಸ್ಟ್ಯಾಂಡಿನ ದಾರಿಯನ್ನೂ ತೋರಿಸಿದೆ.

ಮರುದಿನ ಸ್ಟುಡಿಯೋದವನ ಪ್ರತಿ ಕೈಗೆ ಬಂತು. ಅದೇ ಗುಡ್ಡ, ಅದೇ ಮೋಡ. ಫೋಟೋ ಹಿಡಿದುಕೊಂಡು ಅದೇ ಕಟ್ಟೆಯ ಮೇಲೆ ಕೂತೆ. ಅಥಣಿಯ ಪತ್ರ ಆ ವಾರವೇ ಬಂತು: "ನಿಮ್ಮ ಓಣಿಯಲ್ಲಿ ಪೇಪರ್ ಓದುತ್ತ ಕೂತಿದ್ದ ಒಬ್ಬ ಸಜ್ಜನರು ನಿಮ್ಮ ಬಗ್ಗೆ ಎಲ್ಲವನ್ನೂ ಹೇಳಿದ್ದಾರೆ."

ಗಿರಾಕಿ ಬಂದದ್ದು ಯಾವುದಕ್ಕೆ

ಹೆಂಡತಿಯ ತಮ್ಮ ರಾಯಬಾಗದವನು. ಹೈನಿನ ಮನುಷ್ಯ, ಆದರೆ ಮುಂಬೈಯಿಂದ ಒಂದು ಕ್ಯಾಮೆರಾ ತರಿಸಿದ್ದ. "ಭಾವಾ, ಸ್ಟುಡಿಯೋ ಮಂದಿ ಸಂಗತಿ ಬಿಡ್ರಿ. ಇದ್ದದ್ದನ್ನ ಇದ್ದಂಗ ತಗೀತೀನಿ," ಎಂದು ಬಂದು ಪಡಸಾಲೆ, ಅಡಿಗೆಮನೆ, ದೇವರ ಗೂಡು ಎಲ್ಲವನ್ನೂ ಟಕ್ ಟಕ್ ಹೊಡೆದುಕೊಂಡು ಹೋದ.

ಫೋಟೋ ತೊಳೆಸಿ ತಂದ ದಿನ ಹೆಂಡತಿ ನೋಡಿದವಳೇ ಚಿಟ್ಟನೆ ಚೀರಿದಳು. ನಾನು ಓಡಿ ಹೋಗಿ ನೋಡಿದರೆ ನಮ್ಮ ಪಡಸಾಲೆಯ ನಡುವೆ ಒಂದು ಎಮ್ಮೆ. ಕೊಂಬು ಎರಡೂ ಸಾಗವಾನಿ ಕಂಬಗಳಿಗೆ ತಾಗಿವೆ, ಬಾಲ ಅಡಿಗೆಮನೆಯ ಬಾಗಿಲಿನಿಂದ ಹೊರಗೆ ಬಂದಿದೆ, ದೇವರ ಗೂಡಿನಲ್ಲಿ ಒಂದು ಕಣ್ಣು ಮಿಣಮಿಣ ಹೊಳೆಯುತ್ತಿದೆ.

"ಏನೋ ಇದು?"

ಭಾವಮೈದುನ ತಲೆ ಕೆರೆದುಕೊಂಡ. "ನಮ್ಮ ಎಮ್ಮೀದು ಒಂದ ರೋಲ್ ಹೊಡದಿಟ್ಟಿದ್ನಿ, ಭಾವಾ. ಖಾಲಿ ರೋಲ್ ಅಂತ ತಿಳದು ಅದನ್ನ ತಿರಗಿ ಹಾಕೀನಿ ಕಾಣತೈತಿ. ಒಂದರ ಮ್ಯಾಲೊಂದು ಬಂದಾವು."

ಹೊಸದಾಗಿ ತೆಗೆಸಲು ಹೊತ್ತಿರಲಿಲ್ಲ. ನಿಪ್ಪಾಣಿಯ ಮಾಲಕ ಆಗಲೇ ಎರಡು ಸಲ ಹೇಳಿ ಕಳಿಸಿದ್ದ. ಮನೆ ಮಾರಿಸಿಕೊಡುತ್ತೇನೆಂದು ಓಡಾಡುತ್ತಿದ್ದ ದಲ್ಲಾಳಿಯೊಬ್ಬ, "ಇರಲಿ ಬಿಡ್ರಿ, ಅಷ್ಟ ಸೂಕ್ಷ್ಮ ಯಾರ ನೋಡ್ತಾರು," ಎಂದು ಫೋಟೋಗಳನ್ನು ಅಥಣಿ ಕಡೆಯ ಅನಂತಪುರದ ಒಬ್ಬ ರೈತನಿಗೆ ತೋರಿಸಿದ. ಆಶ್ಚರ್ಯವೆಂದರೆ ಆತ ಎರಡನೇ ದಿನವೇ ಬಂದ! ಹೆಂಡತಿ ಚಹಾಕ್ಕೆ ಇಟ್ಟಳು. ನಾನು ಹಿಗ್ಗಿನಿಂದ ಕಂಬ ತೋರಿಸಿದೆ, ನೋಡಲಿಲ್ಲ. ಬಾವಿ ತೋರಿಸಿದೆ, ಹಣಿಕಿ ಹಾಕಲಿಲ್ಲ. ಸೀದಾ ಹಿತ್ತಲಿಗೆ ಹೋಗಿ ನಿಂತು, "ಎಲ್ಲೈತ್ರಿ?" ಎಂದ.

"ಏನು?"

"ಎಮ್ಮಿ."

ಸಂಜೆಯೊಳಗೆ ರಾಯಬಾಗದಲ್ಲಿ ವ್ಯವಹಾರ ಕುದುರಿತು. ಮೂರು ಸಲ ಫೋಟೋ ತೆಗೆಸಿಕೊಂಡ ನನ್ನ ಮನೆ ಇದ್ದಲ್ಲೇ ನಿಂತಿತ್ತು. ಫೋಟೋ ತೆಗೆಸಿಕೊಳ್ಳಲು ಒಲ್ಲೆನೆಂದು ಕಾಲು ಝಾಡಿಸಿತ್ತಂತೆ ಆ ಎಮ್ಮೆ, ಅದು ಮಾರಿ ಹೋಯಿತು.

ಕುರ್ಚಿಯಲ್ಲಿ ಸೋದರಮಾವ

ದೀಪಾವಳಿ ಬಾಗಿಲಿಗೆ ಬಂತು. ಹೆಂಡತಿ ನನ್ನ ಜೊತೆ ಮಾತು ಬಿಟ್ಟು ಪಾತ್ರೆಗಳ ಜೊತೆ ಮಾತಾಡತೊಡಗಿದ್ದಳು. ಆಗ ಹಬ್ಬಕ್ಕೆಂದು ಅಂಕಲಿಯಿಂದ ನನ್ನ ಸೋದರಮಾವ ಬಂದ. ತಲೆಗೆ ದೊಡ್ಡ ಪಟಗಾ, ಅದಕ್ಕಿಂತ ದೊಡ್ಡ ಮೀಸೆ. ಕಥೆಯನ್ನೆಲ್ಲ ಕೇಳಿ, "ಇಷ್ಟ ಕಲ್ತೀಯಲೇ, ಒಂದ ಫೋಟೋ ತಗಸಾಕ ಬರೂದಿಲ್ಲ ನಿನಗ? ಹೋಗು, ಅದ ಮೊದಲನೇದಾವನ್ನ ಕರಕೊಂಡ ಬಾ. ಓಣಿ ಮಂದಿನ್ನ ನಾ ನೋಡ್ಕೊತೀನಿ," ಎಂದ.

ಮಾವ ಒಮ್ಮೆ ಮೀಸೆ ತೀಡಿದ್ದಕ್ಕೆ ಓಣಿಯ ಒಂದು ನಾಯಿಯೂ ಹತ್ತಿರ ಸುಳಿಯಲಿಲ್ಲ. ಹಬ್ಬಕ್ಕೆ ಸುಣ್ಣ ಹೊಡೆದ ಗೋಡೆ, ಬಾಗಿಲಿಗೆ ಇಳಿಬಿಟ್ಟ ಚೆಂಡುಹೂವಿನ ಮಾಲೆ, ಮೇಲೆ ಮುಂಜಾನೆಯ ಬಿಸಿಲು. ಸ್ಟುಡಿಯೋದವ ಮಾತ್ರ ಹಟ ಬಿಡಲಿಲ್ಲ. "ಒಬ್ಬರರೆ ಇರಬೇಕ್ರಿ ಸರ್. ಇಲ್ಲಾಂದ್ರ ಮನಿ ಎಷ್ಟ ದೊಡ್ಡದು ಅಂತ ತಿಳಿಯೂದಿಲ್ಲ." ಅದೂ ಖರೇ ಅನಿಸಿತು. ಮಾವನೇ ಹಣೆಗೆ ವಿಭೂತಿ ಹಚ್ಚಿ, ಶಾಲು ಹೊದ್ದು, ಬಾಗಿಲ ಮುಂದೆ ಕುರ್ಚಿ ಹಾಕಿಸಿಕೊಂಡು ಕೂತ. ನಾವಿಬ್ಬರೂ ಅಕ್ಕಪಕ್ಕ ನಿಂತೆವು. "ಹಲ್ಲ ತಗೀಬ್ಯಾಡ್ರಿ, ಗಂಭೀರ ಇರ್ರಿ," ಎಂದ ಸ್ಟುಡಿಯೋದವ. ಇದ್ದೆವು.

ಫೋಟೋ ಬಂತು ನೋಡಿ, ಏನು ಹೇಳಲಿ! ಒಂದೊಂದು ಕಲ್ಲು ಎಣಿಸಬಹುದಿತ್ತು. ಕಂಬದ ಕೆತ್ತನೆ ಕಾಣುತ್ತಿತ್ತು. ಮನೆ ಅರಮನೆಯ ಹಾಗೆ ಕೂತಿತ್ತು. ಮನೆಯನ್ನೇ ನೋಡಿ ಹಿಗ್ಗಿದ ನಾನು ಮಾವನನ್ನು ಸರಿಯಾಗಿ ನೋಡಲಿಲ್ಲ. ಅಂದೇ, ಮನೆ ಕೇಳಿದ್ದ ಕಾಗವಾಡದ ಬಟ್ಟೆ ವ್ಯಾಪಾರಿಯೊಬ್ಬರಿಗೆ ಕಳಿಸಿಬಿಟ್ಟೆ.

ಹಬ್ಬದ ಹಿಂದಿನ ದಿನ ಬಾಗಿಲು ಬಡಿದ ಸಪ್ಪಳವಾಯಿತು. ನಾನು ಪಡಸಾಲೆಯಲ್ಲಿದ್ದೆ. ಕೈಯಲ್ಲಿ ರೊಟ್ಟಿ ಹಿಡಿದುಕೊಂಡೇ ಮಾವ ಎದ್ದು ಬಾಗಿಲು ತೆಗೆದ. ಹೊರಗೆ ಕಾಗವಾಡದ ವ್ಯಾಪಾರಿ, ಜೊತೆಗೆ ಸೆರಗು ಹೊದ್ದ ಅವರ ಮುದಿ ತಾಯಿ. ಇಬ್ಬರೂ ತಲೆ ತಗ್ಗಿಸಿಯೇ ನಿಂತಿದ್ದರು.

"ಮನ್ಯಾಗ ದುಃಖ ಆಗೇತಿ. ಇಂಥಾ ಹೊತ್ತಿನ್ಯಾಗ ವ್ಯವಹಾರ ಮಾತಾಡಬಾರದ್ರಿ," ಎಂದರು ವ್ಯಾಪಾರಿ. "ನಮಗೂ ಈಗ ಈ ಮನಿ ಬ್ಯಾಡ ಅನಸೇತಿ. ಬರೇ ಮಾತಾಡ್ಸಿ ಹೋಗೂಣು ಅಂತ ಬಂದೀವ್ರಿ."

ಮಾವನಿಗೆ ಗಾಬರಿಯಾಯಿತು. "ದುಃಖ? ಯಾರ ತೀರಿಕೊಂಡ್ರು?"

ವ್ಯಾಪಾರಿ ಕಿಸೆಯಿಂದ ಫೋಟೋ ತೆಗೆದು ಮುಂದೆ ಹಿಡಿದರು. ಆಗ ತಲೆ ಎತ್ತಿ ಮಾವನ ಮುಖ ನೋಡಿದರು. ಫೋಟೋ ನೋಡಿದರು. ಮತ್ತೆ ಮುಖ ನೋಡಿದರು. ಒಂದು ಹೆಜ್ಜೆ ಹಿಂದೆ ಸರಿದರು.

"ನೀ... ನೀವ್ರಿ."

ನಾನೂ ಹೋಗಿ ಬಗ್ಗಿ ನೋಡಿದೆ. ಬಿಸಿಲಿಗೆ ಮಾವ ಕಣ್ಣು ಮುಚ್ಚಿದ್ದ. ಬಾಗಿಲಿನ ಚೆಂಡುಹೂವಿನ ಮಾಲೆ ಫೋಟೋದಲ್ಲಿ ಸರಿಯಾಗಿ ಅವನ ಕೊರಳಿಗೇ ಬಂದು ಬಿದ್ದಿತ್ತು. ಅಕ್ಕಪಕ್ಕ ನಾವಿಬ್ಬರು, ಗಂಭೀರವಾಗಿ.

ಮಾವ ಫೋಟೋ ಕಸಿದುಕೊಂಡು ನೋಡಿದ. ಆಮೇಲೆ ನನ್ನ ಕಡೆ ತಿರುಗಿ ಗುಡುಗಿದ: "ಲೇ ತಮ್ಮಾ! ನಾ ಸತ್ತದ್ದು ನನಗೊಂದ ಮಾತರೆ ಹೇಳಬಾರದೇನೋ?"

ಮುದುಕಿ ಕಟ್ಟೆಯ ಮೇಲೆ ಧೊಪ್ಪೆಂದು ಕುಸಿದಳು. ಹೆಂಡತಿ ಓಡಿ ಹೋಗಿ ಬಾವಿಯ ನೀರು ತಂದು ಕುಡಿಸಿದಳು. ಮುದುಕಿ ಚೇತರಿಸಿಕೊಂಡು ಮಾವ ಕಟಕಟನೆ ರೊಟ್ಟಿ ಕಡಿಯುವುದನ್ನೇ ನೋಡುತ್ತ ಕೂತಳು.

"ಹಲ್ಲು ಖರೇವ ಏನ್ರಿ?"

"ಎಲ್ಲಾ ನಮ್ಮವ," ಎಂದ ಮಾವ.

ಮುದುಕಿ ಮಗನ ಅಂಗಿ ಜಗ್ಗಿದಳು. "ಸತ್ತಾವ್ರು ಎದ್ದ ಬಂದು ಕಟಕ ರೊಟ್ಟಿ ತಿನ್ನಾಕತ್ತಾರ. ಈ ಬಾವಿ ನೀರ ಎಂಥಾದ್ದ ಇರಬೇಕೋ! ಈ ಮನಿ ಬಿಡಬ್ಯಾಡ."

ಮಾವ ಹುಟ್ಟಿದಾಗಿನಿಂದ ಕುಡಿದದ್ದು ಅಂಕಲಿಯ ಕೃಷ್ಣಾ ನದಿಯ ನೀರು. ಅದನ್ನೇ ಹೇಳಲು ಬಾಯಿ ತೆರೆದ. ಹೆಂಡತಿ ಚಕ್ಕನೆ ಇನ್ನೊಂದು ರೊಟ್ಟಿ, ಅದರ ಮೇಲೊಂದು ಬೆಣ್ಣೆಯ ಮುದ್ದೆ ಅವನ ಕೈಗಿಟ್ಟಳು. ಬಾಯಿ ತುಂಬಿತು. ಆ ಹೊತ್ತಿನಲ್ಲೇ ಮಾತು ಮುಗಿದು ಎಲೆ ಅಡಿಕೆಯಾಯಿತು. ಹಬ್ಬದ ದಿನ ಹೆಂಡತಿ ನಿಪ್ಪಾಣಿಯ ಮನೆಯಲ್ಲಿ ದೀಪ ಹಚ್ಚಿದಳು. ತಂಬಾಕದ ವ್ಯಾಪಾರಿ ಬೇರೆ ಬಾಗಿಲು ಹುಡುಕಿಕೊಂಡ. ಮನೆ ಚಂದ ಬಂದಿದೆ ಎಂದು ಕಾಗವಾಡದವರು ಆ ಫೋಟೋಕ್ಕೆ ಕಟ್ಟು ಹಾಕಿಸಿ ಪಡಸಾಲೆಯಲ್ಲಿ ತೂಗುಹಾಕಿದರು.

ತೊಂಬತ್ತರ ದಶಕದಲ್ಲಿ ಮಾವ ಏನೋ ಕೆಲಸಕ್ಕೆ ಚಿಕ್ಕೋಡಿಗೆ ಹೋದವನು ಹಳೇ ಮನೆ ನೋಡಿ ಬರೋಣ ಎಂದು ಆ ಓಣಿಗೆ ಹೋದ. ವ್ಯಾಪಾರಿಯ ಮುದಿ ತಾಯಿ ಅಷ್ಟರಲ್ಲಿ ತೀರಿಕೊಂಡಿದ್ದಳು. ಮನೆಗೆ ಬಂದ ಹೊಸ ಸೊಸೆ ಬಾಗಿಲು ತೆಗೆದಳು. ಗೋಡೆಯ ಮೇಲೆ ಮಾವನ ಫೋಟೋ, ಅದಕ್ಕೆ ತಾಜಾ ಹೂವಿನ ಹಾರ, ಮುಂದೆ ಹೊಗೆಯಾಡುವ ಊದಿನಕಡ್ಡಿ.

"ಇವರ್ಯಾರವಾ?" ಎಂದು ಕೇಳಿದನಂತೆ ಮಾವ.

"ಈ ಮನೀ ಹಿರೇರ್ರಿ. ಸತ್ತ ಮ್ಯಾಲೂ ಎದ್ದ ಬಂದಿದ್ರಂತ. ಬಾಗಲ್ದಾಗ ನಿಂತು ರೊಟ್ಟಿ ತಿಂದು ಹೋದ್ರಂತ. ನಮ್ಮ ಅಜ್ಜಿ ಕಣ್ಣಾರೆ ನೋಡಿದ್ರಂತ್ರಿ," ಎಂದವಳು ಮಾವನ ಮುಖ ನೋಡಿದಳು. ಫೋಟೋ ನೋಡಿದಳು. ಕೈಯಲ್ಲಿದ್ದ ತಂಬಿಗೆ ಠಣ್ಣೆಂದು ಬಿತ್ತು. ಒಳಗೆ ಓಡುತ್ತ ಕೂಗಿದಳು: "ಅತ್ತೀ! ಅಜ್ಜಾರು ಮತ್ತ ಬಂದಾರ! ಲಗೂ ರೊಟ್ಟಿ ಬಡೀರಿ!"

ಸಂಜೆ ಮಾವ ನಿಪ್ಪಾಣಿಗೆ, ನಮ್ಮ ಮನೆಗೆ ಬಂದ. ಸಿಟ್ಟಾಗಿರಬಹುದು ಎಂದು ನಾವು ಗಂಡಹೆಂಡತಿ ಹೆದರಿಕೊಂಡೇ ನಿಂತಿದ್ದೆವು. ಅವನು ನಿಧಾನ ಕುರ್ಚಿಯಲ್ಲಿ ಕೂತು, ಮೀಸೆಗೆ ಹತ್ತಿದ್ದ ಬೆಣ್ಣೆ ಒರೆಸಿಕೊಂಡು, ಉದ್ದಕ್ಕೆ ಒಂದು ತೇಗು ತೇಗಿದ.

"ಸತ್ತ ಮ್ಯಾಲೆ ಇಷ್ಟ ಮರ್ಯಾದಿ ಸಿಗತೈತಿ ಅಂತ ಗೊತ್ತಿದ್ರ, ಆ ಫೋಟೋ ಮೊದಲ ತಗಸತಿದ್ನಲ್ಲೋ!"