ಬ್ಯಾಕ್ ಅಂದರೆ ಬೆನ್ನಲ್ಲ

ಎಪ್ಪತ್ತೆಂಟು ವರ್ಷಗಳಿಂದ ನಾನು ಯಾವುದರ ಮೇಲೆ ಕೂತುಕೊಂಡು ಬಂದಿದ್ದೇನೋ ಅದಕ್ಕೆ ನನ್ನ ಬಾಯಲ್ಲಿ ಹೆಸರೇ ಇರಲಿಲ್ಲ. ಮೂಗಿಗೆ ಇತ್ತು, ಮೊಣಕೈಗೆ ಇತ್ತು, ಕಾಲಿನ ಕಿರುಬೆರಳಿಗೂ ಎರಡೆರಡು ಭಾಷೆಯಲ್ಲಿ ಇತ್ತು. ಅದೊಂದಕ್ಕೆ ಮಾತ್ರ ಇರಲಿಲ್ಲ. ಎಂಟನೇ ವಯಸ್ಸಿಗೇ ಅಪ್ಪ ನನ್ನನ್ನು ಪಿರಿಯಾಪಟ್ಟಣದಿಂದ ಕರೆದೊಯ್ದು ಮೈಸೂರಿನ ಕಾನ್ವೆಂಟ್ ಬೋರ್ಡಿಂಗಿಗೆ ಸೇರಿಸಿದರು. ಅಲ್ಲಿ ಸ್ನಾನವನ್ನೂ ಪೆಟಿಕೋಟ್ ತೊಟ್ಟುಕೊಂಡೇ ಮಾಡಬೇಕಿತ್ತು. ಒದ್ದೆ ಬಟ್ಟೆಯೊಳಗೆ ಕೈ ತೂರಿಸಿ, ಎಲ್ಲಿಗೆ ಸೋಪು ಹಚ್ಚುತ್ತಿದ್ದೇವೆಂದು ನಮಗೇ ಗೊತ್ತಾಗದ ಹಾಗೆ ಹಚ್ಚಿಕೊಳ್ಳುವುದು ಒಂದು ಆರ್ಟು. ಮೊದಲ ರಜೆಗೆ ಊರಿಗೆ ಬಂದಾಗ ಅವ್ವ, ನಾನು ಮನೆತುಂಬ ಓಡಾಡುವುದನ್ನು ನೋಡಲಾರದೆ, ಆ ಅಂಗದ ಹೆಸರು ಹಿಡಿದು, ಅದನ್ನು ಒಂದು ಕಡೆ ಊರು ಎಂದಳು. ನಾನು "ಅವ್ವ, ದಟ್ ಈಸ್ ಎ ಡರ್ಟಿ ವರ್ಡ್" ಎಂದೆ. ಇಂಗ್ಲಿಷ್ ಬಾರದಿದ್ದರೂ ಅವ್ವನಿಗೆ ಅರ್ಥವಾಯಿತು. ಆಮೇಲೆ ನನ್ನೆದುರು ಆ ಮಾತು ಆಡಲಿಲ್ಲ. ಬೇರೆ ಎಷ್ಟೋ ಮಾತುಗಳನ್ನೂ ಆಡದೆ ಉಳಿಸಿಕೊಂಡಳೆಂದು ಈಗ ಅನ್ನಿಸುತ್ತದೆ. ಇರಲಿ, ಟೂ ಲೇಟ್.

ಈಗ ನಾನಿರುವುದು ಹುಣಸೂರಿನಿಂದ ಹನಗೋಡಿಗೆ ಹೋಗುವ ರಸ್ತೆಯ ಒಂದು ಕೇರ್ ಹೋಮಿನಲ್ಲಿ. ಕೆ.ಆರ್. ನಗರದಲ್ಲಿ ಮೂವತ್ತೈದು ವರ್ಷ ಇಂಗ್ಲಿಷ್ ಟೀಚರಾಗಿದ್ದು, ರಿಟೈರಾಗಿ, ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡು ಬಂದೆ. ಆರು ವಾರಕ್ಕೆಂದು ಬಂದವಳು ಮೂರನೇ ವರ್ಷದಲ್ಲಿದ್ದೇನೆ. ಮೂಳೆ ಕೂಡಿಕೊಂಡಿತು; ಹೊರಡುವ ಮನಸ್ಸು ಕೂಡಲಿಲ್ಲ. ಹಾಸಿಗೆಯಲ್ಲಿ ಮಲಗಿದರೆ ಪೇಷಂಟ್ ಎನ್ನಿಸಿಕೊಳ್ಳುತ್ತೇನೆಂದು ಬೆಳಿಗ್ಗೆಯಿಂದ ಸಂಜೆಯವರೆಗೆ ಕಿಟಕಿಯ ಪಕ್ಕ ಪ್ಲಾಸ್ಟಿಕ್ ಕುರ್ಚಿಯಲ್ಲಿ, ಸ್ಟ್ರೇಟ್ ಬ್ಯಾಕ್, ಕೂತಿರುತ್ತೇನೆ. ಕೂತು ಕೂತು ಆಯಾಸವಾದರೂ ಕೂತೇ ಸುಧಾರಿಸಿಕೊಳ್ಳುತ್ತೇನೆ.

ನನ್ನನ್ನು ನೋಡಿಕೊಳ್ಳುವವಳು ಭಾಗ್ಯ. ಹಾರನಹಳ್ಳಿ ಕಡೆಯವಳು, ನಲವತ್ತರ ಹತ್ತಿರ. ಹದಿನೈದು ವರ್ಷ ಹೊಗೆಸೊಪ್ಪು ಬೇಯಿಸುವ ಬ್ಯಾರನ್ನುಗಳಲ್ಲಿ ಎಲೆ ವಿಂಗಡಿಸಿದವಳು. ಬಣ್ಣ ನೋಡಿಯೇ ಯಾವ ಗ್ರೇಡೆಂದು ಹೇಳಬಲ್ಲಳು. ಆ ಧೂಳು ಎದೆಗೆ ಕೂತು, ಇನ್ನು ಸೊಪ್ಪಿನ ಹತ್ತಿರ ಹೋಗಬೇಡ ಎಂದು ಡಾಕ್ಟರು ಹೇಳಿದ ಮೇಲೆ ಇಲ್ಲಿಗೆ ನರ್ಸಿಂಗ್ ಅಸಿಸ್ಟೆಂಟಾಗಿ ಸೇರಿದಳು. ತಿಂಗಳ ಕೊನೆಗೆ ಪರೀಕ್ಷೆ. ಪಾಸಾದರೆ ಕೆಲಸ ಖಾಯಂ. ಇಲ್ಲವಾದರೆ ಮತ್ತೆ ಅದೇ ಸೊಪ್ಪು, ಅದೇ ಧೂಳು. ಅದಕ್ಕಾಗಿ ಸಹಾಯಕಿಯರಿಗೆ ತಿಳಿದಿರಲೇಬೇಕಾದ ಸಂಗತಿಗಳೆಂದು ಇಟ್ಟಿಗೆ ಗಾತ್ರದ ಪುಸ್ತಕವೊಂದನ್ನು ಕೊಟ್ಟಿದ್ದರು. ಇಂಗ್ಲಿಷಿನಿಂದ ಯಾರೋ ಕನ್ನಡಕ್ಕೆ ತಂದದ್ದು. ತರುವಾಗ ದಾರಿಯಲ್ಲಿ ಎಷ್ಟೋ ಸಲ ಬಿದ್ದಿರಬೇಕು. ಮಧ್ಯಾಹ್ನ ಊಟವಾದ ಮೇಲೆ ನಾನೇ ಅವಳಿಗೆ ಟ್ಯೂಷನ್.

"ಒತ್ತಡದ ಉಣ್ಣು," ಎಂದು ಒಂದು ದಿನ ಓದಿ ನಿಲ್ಲಿಸಿದಳು. "ಇದೇನ್ ಅಮ್ಮೋರೇ? ಒತ್ತಡ ಅಂದ್ರೆ ಟೆನ್ಶನ್ನು ಅಲ್ವಾ? ಟೆನ್ಶನ್ ಮಾಡ್ಕಂಡ್ರೆ ಉಣ್ಣಾಯ್ತದಾ?"

"ಉಣ್ಣಲ್ಲ, ಹುಣ್ಣು. ಹೆಚ್ ಎಲ್ಲಿ ಹೋಯಿತು?"

"ನಮ್ಮೂರಲ್ಲೇ ಬುಟ್ಟು ಬಂದಿವ್ನಿ ಬುಡಿ. ಟೆನ್ಶನ್‌ಗೇ ಉಣ್ಣಾಗಂಗಿದ್ರೆ ನಮ್ಮತ್ತೆಗೆ ಮೈಯೆಲ್ಲಾ ಆಗ್ಬೇಕಾಗಿತ್ತು ಕಣ್ರೀ!"

ಒತ್ತಡ ಎಂದರೆ ಪ್ರೆಷರ್. ಒಂದೇ ಕಡೆ ಒತ್ತಿಕೊಂಡು ಕೂತರೆ, ಮಲಗಿದರೆ, ರಕ್ತ ಓಡದೆ ಚರ್ಮ ಮೊದಲು ಕೆಂಪಾಗುತ್ತದೆ, ಬೆರಳಿನಿಂದ ಒತ್ತಿ ಬಿಟ್ಟರೂ ಆ ಕೆಂಪು ಹೋಗುವುದಿಲ್ಲ, ಆಗಲೇ ಸಿಸ್ಟರ್‌ಗೆ ಹೇಳಬೇಕು, ಅದರ ಮೇಲೆ ಉಜ್ಜಬಾರದು, ಎಂದೆಲ್ಲ ವಿವರಿಸಿದೆ. ಚೆನ್ನಾಗಿಯೇ ವಿವರಿಸಿದೆ. ಹಾಗೆ ವಿವರಿಸುತ್ತಿದ್ದವಳ ಕೆಳಗೆ ಅದೇ ಹುಣ್ಣು ಅಂಕುರಿಸುತ್ತಿತ್ತು. ಉರಿ ಶುರುವಾಗಿ ಆಗಲೇ ಎರಡು ದಿನ. ಕುರ್ಚಿಯ ಪ್ಲಾಸ್ಟಿಕ್ಕಿನದು, ಸೆಖೆಯದು ಎಂದು ಏನೇನೋ ಅಂದುಕೊಂಡು ಟೀಚ್ ಮಾಡುತ್ತಲೇ ಇದ್ದೆ.

ಸ್ನಾನ ಮಾಡಿಸುವಾಗ ಅವಳಿಗೆ ಕಾಣಲಿಲ್ಲವೇ ಎಂದು ನೀವು ಕೇಳಬಹುದು. ಅದೂ ನನ್ನದೇ ಕೃಪೆ. ಪುಸ್ತಕದ ಮೊದಲ ಅಧ್ಯಾಯ, ರೋಗಿಯ ಮಾನ ಮತ್ತು ಗೌಪ್ಯತೆ. ನನಗೆ ಬಲು ಇಷ್ಟವಾದ ಅಧ್ಯಾಯವೆಂದು ಅದನ್ನು ಅವಳಿಗೆ ಮೂರು ಸಲ ಓದಿಸಿದ್ದೆ. ಬಾಗಿಲು ತಟ್ಟದೆ ಬರಬಾರದು, ಕೇಳದೆ ಬಟ್ಟೆ ಸರಿಸಬಾರದು. ಹಾಗಾಗಿ ನಾನು ಬಚ್ಚಲಿನಲ್ಲಿ ಸ್ಟೂಲಿನ ಮೇಲೆ ಪೆಟಿಕೋಟಿನಲ್ಲಿ ಮೀಯುತ್ತಿದ್ದರೆ ಅವಳು ಹೊರಗೆ ಗೋಡೆಗೆ ಮುಖ ಮಾಡಿ, "ಆಯ್ತಾ ಅಮ್ಮೋರೇ? ನಾ ನೋಡ್ನಿಲ್ಲ ಕಣ್ರೀ, ನಿಮ್ಮಾಣೆ" ಎನ್ನುತ್ತ ನಿಂತಿರುತ್ತಿದ್ದಳು.

ಮೂರನೆಯ ದಿನ ತಡೆಯಲಾಗಲಿಲ್ಲ. "ಭಾಗ್ಯ, ಮೈ ಬ್ಯಾಕ್ ಈಸ್ ಪೇನಿಂಗ್" ಎಂದೆ. ನಮ್ಮ ಕಾನ್ವೆಂಟಿನಲ್ಲಿ ಕುತ್ತಿಗೆಯ ಕೆಳಗಿನಿಂದ ಮೊಣಕಾಲಿನ ಹಿಂಭಾಗದವರೆಗೆ ಇದ್ದದ್ದೆಲ್ಲ ಬ್ಯಾಕೇ. ಭಾಗ್ಯನಿಗೆ ಹಾಗಲ್ಲ, ಅವಳಿಗೆ ಬ್ಯಾಕ್ ಎಂದರೆ ಬೆನ್ನೆಂದು ಕಲಿಸಿದವಳೂ ನಾನೇ. ಸಿಸ್ಟರನ್ನು ಕೇಳಿ ಮುಲಾಮು ತಂದು ಬೆನ್ನಿಗೆ ಹಚ್ಚಿ ಉಜ್ಜಿದಳು. ಎಂಥ ಉಜ್ಜುವಿಕೆ! ಎಂಟು ದಿನ ಹಚ್ಚಿಸಿಕೊಂಡೆ. ಬೆನ್ನಿಗೆ ಪರಮ ಸುಖ, ಕೆಳಗೆ ನರಕ. "ಕಮ್ಮಿ ಆಯ್ತಾ?" ಎಂದರೆ "ಬೆಟರ್" ಎನ್ನುತ್ತಿದ್ದೆ. ಅವಳು ಪ್ರತಿದಿನ ಚಾರ್ಟಿನಲ್ಲಿ ದುಂಡಗೆ ಬರೆದಳು: ಬೆನ್ನು ನೋವು, ಮುಲಾಮು ಹಚ್ಚಿದೆ, ಕಮ್ಮಿ ಆಗಿದೆ.

ಮುಲಾಮು ಶುರುವಾದ ಒಂಬತ್ತನೆಯ ದಿನ ಇನ್‌ಚಾರ್ಜ್ ಲಿಸ್ಸಿ ಸಿಸ್ಟರ್ ರೌಂಡ್ಸಿಗೆ ಬಂದರು. ವಯನಾಡಿನವರು, ಎಚ್.ಡಿ. ಕೋಟೆಯಲ್ಲಿ ಕನ್ನಡ ಕಲಿತವರು. ನಾನು ಕುರ್ಚಿಯಿಂದ ಎದ್ದ ರೀತಿ ನೋಡಿಯೇ ಅವರಿಗೆ ಅನುಮಾನ. ಪರದೆ ಎಳೆದು, ನನ್ನ ಮಾನ ಗೌಪ್ಯತೆ ಯಾವುದನ್ನೂ ಕೇಳದೆ, ಮಗ್ಗುಲಿಗೆ ತಿರುಗಿಸಿ ನೋಡಿದರು. ಚರ್ಮ ಒಡೆದಿತ್ತು. ಚಾರ್ಟ್ ತೆಗೆದುಕೊಂಡು ಹೋದರು. ಅರ್ಧ ಗಂಟೆಯಲ್ಲಿ ಭಾಗ್ಯನನ್ನು ಆಫೀಸಿಗೆ ಕರೆದರು. ಪೇಷಂಟಿಗೆ ಹುಣ್ಣಾಗುವವರೆಗೂ ನೋಡದೆ ಸುಳ್ಳು ಚಾರ್ಟ್ ಬರೆದವಳನ್ನು ಪರೀಕ್ಷೆಗೆ ಕೂರಿಸುವುದಿಲ್ಲ ಎಂದರಂತೆ. ಭಾಗ್ಯ ಬಂದು ತನ್ನ ಟಿಫಿನ್ ಬಾಕ್ಸು, ಛತ್ರಿ ತೆಗೆದುಕೊಂಡಳು.

"ನೀನು ಹೇಳಬೇಕಿತ್ತು, ಅಮ್ಮೋರೇ ಬ್ಯಾಕ್ ಅಂದರು ಅಂತ," ಎಂದೆ.

"ಏನಂತ ಏಳ್ಲಿ? ಅಮ್ಮೋರು ಸುಳ್ಳೇಳವ್ರೆ ಅಂತ್ಲಾ?" ಅವಳ ಕಣ್ಣು ತುಂಬಿತ್ತು. "ಒಂದೇ ಒಂದು ಕಿತ ತೋರ್ಸಿದ್ರೆ ಬಣ್ಣ ನೋಡೇ ಏಳ್ಬುಡ್ತಿದ್ದೆ ಕಣ್ರೀ. ಅದಿನೈದು ವರ್ಸ ಇನ್ನೇನ್ ಮಾಡಿವ್ನಿ ನಾನು?"

ಅವಳಿಗೆ ಅಲ್ಲೇ ನಿಲ್ಲಲು ಹೇಳಿ ವಾಕರ್ ಹಿಡಿದು ಹೊರಟೆ. ಆಫೀಸು ನಮ್ಮ ರೂಮಿನಿಂದ ಅರವತ್ತು ಹೆಜ್ಜೆ. ಆ ದಿನ ಆರುನೂರಿದ್ದವು. ಭಾಗ್ಯ ಕೇಳದೆ ಹಿಂದೆಯೇ ಬಂದಳು. ಕಾರಿಡಾರಿನಲ್ಲಿ ವ್ಯಾಯಾಮಕ್ಕೆಂದು ಗಂಡಸರ ವಾರ್ಡಿನವರು ಸಾಲಾಗಿ ಕೂತಿದ್ದರು. ಸಿಸ್ಟರ್ ಬಾಗಿಲು ತೆರೆದೇ ಇಟ್ಟಿದ್ದರು.

"ಸಿಸ್ಟರ್, ಮಿಸ್ಟೇಕ್ ನನ್ನದು. ಐ ಟೋಲ್ಡ್ ಹರ್ ಬ್ಯಾಕ್."

"ಬ್ಯಾಕ್ ಅಂದ್ರೆ ಬೆನ್ನು ಅಲ್ವಾ ಟೀಚರೇ?"

"ನಾನು ಹೇಳಿದ್ದು ಸ್ವಲ್ಪ ಲೋವರ್."

"ಸೊಂಟವಾ?"

"ಇನ್ನೂ ಸ್ವಲ್ಪ."

"ತೊಡೆಯಾ?"

"ಅಷ್ಟು ಲೋವರ್ ಅಲ್ಲ."

"ಟೀಚರೇ, ನಾನು ರಿಪೋರ್ಟ್ ಬರೀಬೇಕು. ನೀವು ಸರಿಯಾಗಿ ಹೇಳಿದ್ರೆ ಮಾತ್ರ ಇವಳ ತಪ್ಪಲ್ಲ ಅಂತ ಬರೀತೀನಿ." ಪೆನ್ನು ಹಿಡಿದು ಕಾದರು. ಅವರಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು.

ಕಣ್ಣು ಮುಚ್ಚಿ, ಡಿಕ್ಟೇಷನ್ ಕೊಡುವ ದನಿಯಲ್ಲಿ, ಕೊನೆಯ ಬೆಂಚಿಗೂ ಕೇಳುವ ಹಾಗೆ, "ಕುಂಡಿ" ಎಂದೆ.

"ಯಾರ್‌ದಂತೆ?" ಎಂದು ಹೊರಗೆ ಯಾವುದೋ ಅಜ್ಜನ ದನಿ ಕೇಳಿತು. ಭಾಗ್ಯ ವೇಲನ್ನು ಬಾಯಿಗೆ ತುರುಕಿಕೊಂಡು ಗೋಡೆ ಹಿಡಿದು ನಗುತ್ತಿದ್ದಳು, ಅಳುತ್ತಲೂ ಇದ್ದಳು. ಸಿಸ್ಟರ್ ಮಾತ್ರ ಮುಖ ಗಂಭೀರವಾಗಿಟ್ಟುಕೊಂಡು ಬರೆದು, ನನ್ನ ಕಡೆ ತಿರುಗಿಸಿ, "ಸ್ಪೆಲ್ಲಿಂಗ್ ನೋಡಿ ಟೀಚರೇ" ಎಂದರು. ಸರಿಯಾಗಿಯೇ ಇತ್ತು.

ಭಾಗ್ಯ ಪರೀಕ್ಷೆಗೆ ಕೂತಳು, ಪಾಸಾದಳು. ನನ್ನ ಹುಣ್ಣೂ ಎರಡು ತಿಂಗಳಿಗೆ ಮಾಯಿತು. ಈಗ ಹೊಸಬರಿಗೆ ಚರ್ಮ ನೋಡುವುದನ್ನು ಕಲಿಸುವ ಕೆಲಸವನ್ನು ಸಿಸ್ಟರ್ ಅವಳಿಗೇ ವಹಿಸಿದ್ದಾರೆ. ಅವಳು ಅವರನ್ನು ನೇರ ನನ್ನ ರೂಮಿಗೇ ಕರೆತರುತ್ತಾಳೆ. ಬಾಗಿಲು ತಟ್ಟಿ, ಕೇಳಿಯೇ ಬರುತ್ತಾಳೆ. ಬೇಡ ಎನ್ನಲು ನನಗೆ ಮುಖವಿಲ್ಲ. ಮೊನ್ನೆಯೂ ಐದು ಜನ ಬಂದಿದ್ದರು, ಅಂತರಸಂತೆಯ ಕಡೆಯವರು. ಅವರಲ್ಲಿ ಒಬ್ಬಳು ಪುಸ್ತಕದಲ್ಲಿದ್ದಂತೆಯೇ, "ಎಲ್ಲಾದ್ರೂ ನೋವೈತಾ ಅಜ್ಜಿ?" ಎಂದು ನಯವಾಗಿ ಕೇಳಿದಳು.

"ನೋ ನೋ, ಐ ಆ್ಯಮ್ ಫೈನ್, ಥ್ಯಾಂಕ್ಯೂ" ಎಂದೆ. ಬಾಯಿ ತಾನಾಗಿಯೇ ಅಂದಿತು.

ಭಾಗ್ಯ ಅವರ ಕಡೆ ತಿರುಗಿದಳು. "ಬರ್ಕಳ್ರೇ ಎಲ್ಲಾರೂ. ಫೈನ್ ಅಂದ್ರೆ ಮೊದ್ಲು ತಿರುಗ್ಸಿ ನೋಡ್ಬೇಕು ಅಂತ."

ಐವರೂ ಬರೆದುಕೊಂಡರು. ನಾನು ಗೋಡೆಯ ಕಡೆಗೆ ಮಗ್ಗುಲಾದೆ.