ಹದಿನೇಳು ಚರಣದ ಹಾಡಿ

ಇಂದ:
ಗಣಪಯ್ಯ ಉರಾಳ, ಪ್ರಾಯ ಐವತ್ತೈದು, ಬೇಸಾಯ,
ಹಂಗಾರಕಟ್ಟೆ ದಾರಿ, ಸಾಲಿಗ್ರಾಮ ಅಂಚೆ, ಉಡುಪಿ ತಾಲೂಕು.

ಗೆ:
ಮ. ರಾ. ರಾ. ಸ್ಪೆಶಲ್ ಆಫೀಸರ್ ಅವರು,
ಗ್ರಾಮೋದ್ಯಾನ, ಕಾಲುದಾರಿ ಮತ್ತು ವನ್ಯಪ್ರಾಣಿ ರಕ್ಷಣೆಯ ಸಹಾಯಧನ ಕಚೇರಿ, ಮಂಗಳೂರು.

ತಾರೀಕು: 11-2-1946

ವಿಷಯ: ಹಾಡಿ ಎಂದರೆ ಹಾಡಲ್ಲ, ಮರಗಳಿರುವ ಜಾಗ ಎಂಬುದನ್ನು ತಡವಾಗಿಯಾದರೂ ದಾಖಲಿಸಿಕೊಳ್ಳುವ ಬಗ್ಗೆ, ಹಾಗೂ ತತ್ಸಂಬಂಧ ಒಂದು ಸಣ್ಣ ಬೇಡಿಕೆಯ ಬಗ್ಗೆ.

ಉಲ್ಲೇಖ:
1) ನನ್ನ ಅರ್ಜಿ, ತಾ. 8-1-1944.
2) ತಮ್ಮ ಕಚೇರಿಯ ಪ್ರಶ್ನೆಗಳು, ತಾ. 19-6-1944.
3) ತಮ್ಮ ಮಂಜೂರಾತಿ, ತಾ. 21-1-1946, ಮತ್ತು ಅದರೊಂದಿಗೆ ಬಂದ ಹಾರ್ಮೋನಿಯಂ ಒಂದು.

ಮಾನ್ಯರೇ,

1. ನನ್ನ ಅಕ್ಕ ಗೋದಾವರಿಗೆ ಏಳನೆಯ ವರ್ಷದಲ್ಲಿ ಸಿಡುಬು ಬಂದು ಎರಡೂ ಕಣ್ಣು ಹೋದವು. ಆದಾಗ್ಯೂ ಸದರಿಯವಳು ಸುಮಾರು ನಲವತ್ತೈದು ವರ್ಷ ದಿನಾಲೂ ಬೆಳಿಗ್ಗೆ ಒಬ್ಬಳೇ ನಮ್ಮ ಮನೆಯಿಂದ ದೇವಸ್ಥಾನಕ್ಕೆ ಹೂ ಕಟ್ಟಲು ಹೋಗುತ್ತಿದ್ದಳು. ಕಾರಣ, ನಡುವೆ ಒಂದು ಫರ್ಲಾಂಗು ಉದ್ದದ ಸರ್ಕಾರಿ ಹಾಡಿಯಿತ್ತು. ಹಾಡಿಯ ಕಾಲುದಾರಿಗೆ ತಾಗಿ ಹದಿನೇಳು ಮರಗಳಿದ್ದವು. ಒಂದನ್ನು ಮುಟ್ಟಿ, ಹೆಜ್ಜೆ ಎಣಿಸಿ, ಇನ್ನೊಂದನ್ನು ಮುಟ್ಟುವುದು ಅವಳ ಕ್ರಮ.

2. ಪ್ರತಿ ಮರಕ್ಕೂ ಅವಳೇ ಹೆಸರಿಟ್ಟಿದ್ದಳು. ಮೊದಲನೆಯದು ರೆಂಜೆ, ಅಂದರೆ ಬಕುಳ. ಏಳನೆಯದರ ತೊಗಟೆ ಒರಟಾಗಿ ಅಂಗೈ ಗೀರುತ್ತಿದ್ದುದರಿಂದ ಅದಕ್ಕೆ ಅತ್ತೆ ಎಂದು ಹೆಸರು. ಅಕ್ಕನಿಗೆ ಮದುವೆಯಾಗಲಿಲ್ಲ, ಆದ್ದರಿಂದ ಅವಳಿಗಿದ್ದ ಅತ್ತೆ ಅದೊಂದೇ.

3. ಹೀಗಿರಲಾಗಿ, ಕಾಲುದಾರಿ ಮತ್ತು ವನ್ಯಪ್ರಾಣಿಗಳಿಗೆ ತಾವು ಸಹಾಯಧನ ಕೊಡುತ್ತೀರೆಂದು ತಿಳಿದು, ಹಾಡಿಗೆ ಬೇಲಿ ಹಾಕಿ ರಕ್ಷಿಸಬೇಕೆಂದು ಉಲ್ಲೇಖ 1ರಲ್ಲಿ ಬೇಡಿಕೊಂಡೆ. ಹದಿನೇಳು ಮರ, ಒಂದು ಫರ್ಲಾಂಗು, ನವಿಲು, ಮುಂಗುಸಿ, ಕಾಡುಹಂದಿ ಎಂದು ವಿವರವನ್ನೂ ಬರೆದೆ. ತಮ್ಮ ಗುಮಾಸ್ತರು ಘಟ್ಟದ ಮೇಲಿನವರು. ಅವರ ಊರಲ್ಲಿ ಹಾಡಿ ಎಂದರೆ ಬಾಯಿಂದ ಬರುವಂಥದು. ಇದು ಅವರ ತಪ್ಪಲ್ಲ, ಆದರೆ ಕೇಳಬಹುದಿತ್ತು.

4. ಕೇಳಿದರು ನಿಜ. ಉಲ್ಲೇಖ 2ರಂತೆ: ಸದರಿ ಹಾಡಿ ಯಾವ ರಾಗದಲ್ಲಿದೆ? ಹದಿನೇಳು ಚರಣಗಳೂ ಅಗತ್ಯವೇ? ಒಂದು ಫರ್ಲಾಂಗಿನಷ್ಟು ಉದ್ದವಾದುದನ್ನು ಸಂಕ್ಷೇಪಿಸಲಾಗದೇ? ಭಕ್ತಿಭಾವದ ರಚನೆಯಲ್ಲಿ ಕಾಡುಹಂದಿಯ ಪ್ರಸ್ತಾಪ ಉಚಿತವೇ? ನಾನು ಕಾಡುಹಂದಿಯನ್ನು ಬಿಡಲು ಸಿದ್ಧನಿದ್ದೇನೆ, ಮರಗಳನ್ನು ಬಿಡಲಾರೆ ಎಂದು ಉತ್ತರ ಬರೆದೆ.

5. ತರುವಾಯ ಸ್ಥಳ ತನಿಖೆಗೆ ಅದೇ ಗುಮಾಸ್ತರು ಬಂದರು. ರೆಂಜೆ ಮರದ ಬುಡದಲ್ಲಿ ಹೂ ಹೆಕ್ಕುತ್ತಿದ್ದ ಅಕ್ಕನ ಎದುರು ಪುಸ್ತಕ ಬಿಚ್ಚಿ ನಿಂತರು. ನಡೆದ ಮಾತನ್ನು ಯಥಾವತ್ತಾಗಿ ಕೆಳಗೆ ಕೊಟ್ಟಿದೆ.

"ಎಲ್ಲಿ, ಹಾಡಿ."

"ಹಾಡಿ ಇದೇ ಅಲ್ದಾ? ನೀವ್ ಅದ್ರೊಳಗೇ ನಿಂತ್ಕಂಡಿದ್ರಿ."

"ನಾಚಿಕೆ ಬೇಡಮ್ಮ. ಹಾಡಿ."

"ಹಾಡಿ ಹಾಡಿ ಅಂದ್ರೆ ನಾ ಎಂತ ಮಾಡುದ್ ಮಾರಾಯ್ರೇ? ಕೈ ನೀಡಿ ಕಾಣಿ, ಸಿಕ್ಕತ್ತ್."

ಗಾಯಕಿ ಹಾಡಲು ನಿರಾಕರಿಸಿದರು ಎಂದು ವರದಿಯಾಯಿತು.

6. ಅದೇ 1944ರ ನವೆಂಬರಿನಲ್ಲಿ ತಮ್ಮ ಕಚೇರಿಯ ಇನ್ನೊಂದು ಮೇಜಿನಿಂದ, ಸದರಿ ಜಾಗದಲ್ಲಿ ಮರಗಳ ಕುರಿತು ಯಾವ ಅರ್ಜಿಯೂ ಬಾಕಿಯಿಲ್ಲವೆಂದು ಬರೆದು, ಇದ್ದಲು ಸುಡುವ ಗುತ್ತಿಗೆದಾರರಿಗೆ ಪರವಾನಗಿ ಹೋಯಿತು. ಯುದ್ಧಕಾಲ, ಪೆಟ್ರೋಲಿಲ್ಲ, ಬಸ್ಸುಗಳು ಇದ್ದಲಿನ ಗ್ಯಾಸಿನಲ್ಲಿ ಓಡಬೇಕು. ಇದನ್ನು ನಾನು ಬಲ್ಲೆ. ಮೂರು ದಿನದಲ್ಲಿ ಕೆಲಸ ಮುಗಿದು ಹದಿನೇಳು ಬುಡಗಳಷ್ಟೇ ಉಳಿದವು. ಆ ಮೂರು ದಿನ ಅಕ್ಕನಿಗೆ ಜ್ವರ. ಕೊಡಲಿಯ ಸದ್ದಿಗೆ, ಆಚೆಮನೆಯವರು ಕಟ್ಟಿಗೆ ಒಡೆಯುತ್ತಿದ್ದಾರೆಂದು ನಾನು ಸುಳ್ಳು ಹೇಳಿದೆ. ಅದಕ್ಕೆ ಈಗಲೂ ನಾಚಿಕೆಯಿದೆ.

7. ನಾಲ್ಕನೆಯ ದಿನ ಅವಳು ಬುಟ್ಟಿ ಹಿಡಿದು ಹೊರಟಳು. ರೆಂಜೆಯಿರಬೇಕಾದಲ್ಲಿ ಕೈ ಚಾಚಿದಳು. ಕೈ ಹಾಗೆಯೇ ಗಾಳಿಯಲ್ಲಿ ನಿಂತಿತು.

"ಮಾಣಿ, ನಾ ಈಗ ಎಲ್ಲಿದ್ದೆ?"

"ಹಾಡಿ ಬಾಗ್ಲಲ್ಲೇ ಅಕ್ಕ."

"ಸುಳ್ ಹೇಳ್ಬೇಡ."

ಕೈ ಹಿಡಿದು ಕರೆದೊಯ್ಯಲು ಹೋದೆ. "ನಿನ್ ಕೈ ಹಿಡದ್ರೆ ಇವತ್ತಿಂದ ನಾ ಕುರುಡಿ ಆತೆ," ಎಂದು ತಿರುಗಿ ಮನೆಗೆ ಬಂದವಳು ಕಳೆದ ವಾರದವರೆಗೆ, ಸುಮಾರು ಹದಿನೈದು ತಿಂಗಳು, ಅಂಗಳ ದಾಟಿರಲಿಲ್ಲ. ಬುಡದಿಂದ ಬುಡಕ್ಕೆ ಗೂಟ ಹೊಡೆದು ತೆಂಗಿನ ಹಗ್ಗ ಕಟ್ಟಿ ನೋಡಿದೆ. ಅವಳು ಅದನ್ನು ಹಿಡಿಯುವ ಮೊದಲೇ ಹಗ್ಗ ಹಂಗಾರಕಟ್ಟೆಯ ಯಾವುದೋ ದೋಣಿಯನ್ನು ಹಿಡಿದುಕೊಂಡಿತ್ತು.

8. ಈ ಮಧ್ಯೆ ಹಾಡಿ ಸಂರಕ್ಷಣೆಯ ಬಾಬ್ತು ಹಾರ್ಮೋನಿಯಂ ಮಂಜೂರಾಗಿ ಬಂದಿರುತ್ತದೆ. ತಂದದ್ದು ಇದ್ದಲಿನ ಬಸ್ಸು. ಯಾವ ಇದ್ದಲೆಂದು ನಾನು ವಿಚಾರಿಸಲಿಲ್ಲ.

9. ಸರ್ಕಾರದ ಸೊತ್ತು ವ್ಯರ್ಥವಾಗಬಾರದು. ಕಾರಣ, ಕಳೆದ ವಾರ ಒಂದು ಬೆಳಿಗ್ಗೆ ಅದನ್ನು ಹೊತ್ತೊಯ್ದು ರೆಂಜೆಯ ಬುಡದ ಮೇಲಿಟ್ಟು, ಸಂಗೀತ ಬಾರದ ನಾನು ಒಂದೇ ಕೀಲಿಯನ್ನು ಒತ್ತಿಕೊಂಡು ಕೂತೆ. ಸ್ವಲ್ಪ ಹೊತ್ತಿಗೆ ಅಕ್ಕ ಆ ದನಿಯ ಜಾಡು ಹಿಡಿದು ಅಂಗಳ ದಾಟಿ ಬಂದಳು. ಇಪ್ಪತ್ತೆರಡು ಹೆಜ್ಜೆ. ಪೆಟ್ಟಿಗೆಯನ್ನು ತಡವಿದಳು, ಮೂಸಿದಳು.

"ಇದ್ ಯಾವ ಮರ?"

"ಗೊತ್ತಿಲ್ಲ ಅಕ್ಕ. ಮಂಗ್ಳೂರಿಂದ್ ಬಂದದ್ದ್."

"ಅಡ್ಡಿಲ್ಲ. ಎರಡನೇದ್ ಎಲ್ಲಿತ್ತ್?"



10. ಆದ್ದರಿಂದ, ತಮ್ಮ ದಾಖಲೆಯಂತೆ ಹಾಡಿಯು ಹಾಡೇ ಆಗಿರಲಿ. ನಾನು ತಕರಾರು ಮಾಡುವುದಿಲ್ಲ. ಹದಿನೇಳು ಚರಣಗಳಲ್ಲಿ ಒಂದನ್ನು ನಾನು ನೋಡಿಕೊಳ್ಳುತ್ತೇನೆ. ಉಳಿದ ಹದಿನಾರು ಬುಡಗಳಲ್ಲಿ ದಿನಾಲೂ ಬೆಳಿಗ್ಗೆ ಒಬ್ಬೊಬ್ಬ ಹಾಡುಗಾರರನ್ನು ನಿಲ್ಲಿಸಿಕೊಡಬೇಕು. ರಾಗ ಬರಬೇಕೆಂದಿಲ್ಲ, ದನಿ ಬೇರೆಬೇರೆಯಾಗಿದ್ದರೆ ಸಾಕು. ಏಳನೆಯ ಜಾಗಕ್ಕೆ ಒರಟು ಕಂಠ ಬೇಕು. ಬೇರೆ ಯಾರೂ ಸಿಗದಿದ್ದಲ್ಲಿ ತನಿಖೆಗೆ ಬಂದ ಗುಮಾಸ್ತರಾದರೂ ಆದೀತು.

11. ಈ ಏರ್ಪಾಡು ಕಾಯಂ ಅಲ್ಲ. ಪ್ರತಿ ಬುಡದ ಪಕ್ಕ ಸಸಿ ನೆಟ್ಟಿದ್ದೇನೆ. ಅವು ಕೈಗೆ ಸಿಗುವಷ್ಟು ದಪ್ಪವಾಗಲು ಅಂದಾಜು ಹನ್ನೆರಡು ವರ್ಷ. ಅಕ್ಕನಿಗೆ ಈಗ ಐವತ್ತೆಂಟು.

ಒಂದೇ ಸ್ವರ ಬಲ್ಲ, ತಮ್ಮ ವಿಶ್ವಾಸಿ,
ಗಣಪಯ್ಯ ಉರಾಳ

ಅಡಕ:
1) ಹಾರ್ಮೋನಿಯಂ ತಲುಪಿದ್ದಕ್ಕೆ ರಶೀದಿ.
2) ಅತ್ತೆ ಮರದ ತೊಗಟೆ, ಒಂದು ತುಂಡು. ಕಣ್ಣು ಮುಚ್ಚಿ ಪರಿಶೀಲಿಸುವುದು.

ವಿ. ಸೂ.: ಅಕ್ಕ ಈಗ ದಿನಾಲೂ ಮೊದಲನೆಯ ಬುಡದವರೆಗೆ ಬಂದು, ಬುಟ್ಟಿ ಹಿಡಿದುಕೊಂಡು ನಿಂತಿರುತ್ತಾಳೆ. ಹದಿನಾರೂ ಮಂದಿಯನ್ನು ಒಟ್ಟಿಗೆ ಕಳುಹಿಸಲು ಅಡಚಣೆಯಿದ್ದಲ್ಲಿ, ಎರಡನೆಯವರನ್ನಾದರೂ ಮೊದಲು ಕಳುಹಿಸಿಕೊಡಬೇಕಾಗಿ ವಿನಂತಿ.