ಡಾರ್ಸಿಯ ತೊಳೆಯದ ಒಳಂಗಿ

ಮೈರನ್ ಅಂದು ಬೆಳಿಗ್ಗೆ ಕಾಫಿ ಕುಡಿದುಕೊಂಡು ತೆಪ್ಪಗೆ ಕೂತಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಅವನು ಬಟ್ಟೆ ಒಗೆಯಲು ಹೋದ.

ಹೆಂಡತಿ ವೆರ್ನಾ ತಂಗಿಯ ಮನೆಗೆ ಹೊರಡುವಾಗ ಹೇಳಿಯೇ ಹೋಗಿದ್ದಳು. "ಡಾರ್ಸಿಗೆ ಹೊತ್ತಿಗೆ ಸರಿಯಾಗಿ ಊಟ ಹಾಕು. ಬೇರೆ ಏನೂ ಮಾಡ್ಬೇಡ. ನೀನು ಕೆಲಸ ಮಾಡಿದ್ರೆ ನಂಗೆ ಎರಡು ಕೆಲಸ."

ಧಾನ್ಯದ ಗೋದಾಮಿನಿಂದ ನಿವೃತ್ತನಾದ ಮೇಲೆ ಮೈರನ್‌ಗೆ ಕೈ ಕಟ್ಟಿ ಕೂರಲು ಬರುವುದಿಲ್ಲ. ನೆಲಮಾಳಿಗೆಯಲ್ಲಿ ನೇತಾಡುತ್ತಿದ್ದ ಬಟ್ಟೆಯನ್ನೆಲ್ಲ ಬಾಚಿ ಯಂತ್ರಕ್ಕೆ ತುಂಬಿದ. ಒಣಗಿಸುವ ಯಂತ್ರ ಕೆಟ್ಟಿದ್ದರಿಂದ ಹಿತ್ತಲಿನ ಹಗ್ಗಕ್ಕೆ ಹಾಕಿದ. ಕೆನಡಾದ ಸಸ್ಕಾಚೆವಾನಿನ ಜನವರಿಯಲ್ಲವೇ, ಬಟ್ಟೆಗಳೆಲ್ಲ ಹೆಪ್ಪುಗಟ್ಟಿ ಹಪ್ಪಳದಂತೆ ಸೆಟೆದು ನಿಂತವು.

ಪಕ್ಕದ ಮನೆಯ ಗ್ಲಾಡಿಸ್ ಅಡುಗೆಮನೆಯ ಕಿಟಕಿಯಿಂದ ಅದನ್ನು ಕಂಡು, ಕೋಟನ್ನೂ ಹಾಕಿಕೊಳ್ಳದೆ ಓಡಿ ಬಂದಳು.

"ಮೈರನ್! ಆ ಬೂದು ಬಣ್ಣದ ಒಳಂಗಿ, ಕತ್ತಿನ ಹತ್ರ ಕೆಂಪು ದಾರ ಇರೋದು... ಅದು ಡಾರ್ಸಿದಲ್ವಾ?"

ಮೈರನ್ ಹಗ್ಗದ ಬಳಿಗೆ ಓಡಿ ಒಳಂಗಿಯ ಕತ್ತು ನೋಡಿದ. ಕೆಂಪು ದಾರ.

ಡಾರ್ಸಿ ಉತ್ತರದ ಗಣಿ ಊರಿನ ಹುಡುಗ, ಹದಿನೇಳು ವರ್ಷ. ನಮ್ಮೂರು ಹ್ಯಾಲ್‌ಬ್ರೂಕಿನ ತಂಡದಲ್ಲಿ ಐಸ್ ಹಾಕಿ ಆಡಲು ಬಂದವನನ್ನು, ಇಲ್ಲಿನ ರೂಢಿಯಂತೆ, ಮೈರನ್ ದಂಪತಿ ತಮ್ಮ ಮನೆಯಲ್ಲಿಟ್ಟುಕೊಂಡು ಸಾಕುತ್ತಿದ್ದರು. ನವೆಂಬರಿನಲ್ಲಿ ಒಂದು ಪಂದ್ಯದಲ್ಲಿ ಅವನೊಬ್ಬನೇ ಮೂರು ಗೋಲು ಹೊಡೆದ. "ಇನ್ಮೇಲೆ ಈ ಒಳಂಗಿ ತೊಳೆಯಲ್ಲ" ಎಂದು ಗೆಳೆಯರ ಮುಂದೆ ನಕ್ಕ. ಅಂದಿನಿಂದ ತಂಡ ಸೋತೇ ಇಲ್ಲ. ಬೇಕರಿಯವನು ಕೇಕಿನ ಮೇಲೆ 'ತೊಳೀಬೇಡ ಡಾರ್ಸಿ' ಎಂದು ಬರೆದ. ಪಾದ್ರಿಗಳೂ ಪ್ರಾರ್ಥನೆ ಮುಗಿದ ಮೇಲೆ ಅವನ ಕಿವಿಯಲ್ಲಿ "ಹಾಗೇ ಇದೆ ತಾನೆ?" ಎಂದು ವಿಚಾರಿಸುತ್ತಿದ್ದರು. ತಂಡದವರಂತೂ ಆ ಕೆಂಪು ದಾರ ಮುಟ್ಟದೆ ಮಂಜಿನ ಅಂಕಣಕ್ಕೆ ಇಳಿಯುತ್ತಿರಲಿಲ್ಲ.

ಅಂದು ಸಂಜೆ ದೊಡ್ಡ ಲೀಗಿನ ತಂಡವೊಂದರಿಂದ ಆಟಗಾರರನ್ನು ಆರಿಸುವವನು ಡಾರ್ಸಿಯನ್ನು ನೋಡಲು ಬರುವವನಿದ್ದ. ಅವನ ಮನಸ್ಸಿಗೆ ಬಂದರೆ ಹುಡುಗನ ಬದುಕು ನೆಟ್ಟಗಾಯಿತು. ಇಲ್ಲವಾದರೆ ಅಪ್ಪನ ಹಿಂದೆ ಗಣಿಗೆ ಇಳಿಯಬೇಕು.

"ನಾತಾನೇ ಇರ್ಲಿಲ್ಲ ಕಣಮ್ಮಾ! ಸೋಪಿನ ವಾಸನೆ ಬರ್ತಿತ್ತು. ಅದೇ ಇದು ಅಂತ ನಂಗೇನು ಕನಸು ಬೀಳುತ್ತಾ?" ಎಂದ ಮೈರನ್.

"ಗೋದಾಮಿನ ಧೂಳಲ್ಲಿ ನಿನ್ನ ಮೂಗು ಯಾವಾಗ್ಲೋ ಹೋಗಿದೆ" ಎಂದಳು ಗ್ಲಾಡಿಸ್.

"ಯಾರಿಗೂ ಹೇಳ್ಬೇಡ, ನಿನ್ನ ದಮ್ಮಯ್ಯ."

ಗ್ಲಾಡಿಸ್ ಯಾರಿಗೂ ಹೇಳಲಿಲ್ಲ. ಕಾಫಿ ಅಂಗಡಿಗೆ ಹೋಗಿ, ಯಾರಾದರೂ ಕೇಳುವವರೆಗೂ ನಿಟ್ಟುಸಿರು ಬಿಡುತ್ತಾ ಕೂತಳು. ಸ್ವಲ್ಪ ಹೊತ್ತಿನಲ್ಲೇ ಅಲ್ಲಿನ ಮುದುಕರ ದಂಡು ಮೈರನ್‌ನ ಅಡುಗೆಮನೆಗೆ ನುಗ್ಗಿತು. ಮುಂದಾಳು ರೈತ ಲಾಯ್ಡ್. ಅವನು ಒಳಂಗಿಯನ್ನು ಮೂಸಿ ಮುಖ ಕಿವುಚಿದ.

"ಘಮ್ ಅಂತಿದೆಯಲ್ಲೋ! ಇದನ್ನ ಹಾಕ್ಕೊಂಡು ಹುಡುಗ ಆಡೋಕೆ ಹೋಗ್ತಾನಾ, ಮದ್ವೆಗೆ ಹೋಗ್ತಾನಾ?"

ಹೋದ ನಾತವನ್ನು ಮರಳಿ ತರುವುದು ಹೇಗೆ? ಎಲ್ಲರಿಗೂ ಕುತೂಹಲ, ಎಲ್ಲರ ಬಳಿಯೂ ಉಪಾಯ. ಲಾಯ್ಡ್ ಅದನ್ನು ತನ್ನ ನಾಯಿಗೆ ತೊಡಿಸಿ ದನದ ಕೊಟ್ಟಿಗೆಯಲ್ಲಿ ಓಡಾಡಿಸಿದ.

"ಇದು ನಾಯಿ ನಾತ. ಮನುಷ್ಯನ ಬೆವರು ಎಲ್ಲಿ?" ಎಂದು ಗ್ಲಾಡಿಸ್ ತಕರಾರು ತೆಗೆದಳು.

ಎಲ್ಲರೂ ಮೈರನ್‌ನ ಕಡೆ ನೋಡಿದರು. ಆ ಒಳಂಗಿಯನ್ನು ಅವನ ಹೊಟ್ಟೆಯ ಮೇಲೆ ಎಳೆದು ಕೂರಿಸಿ, ಕೈಗೆ ಸಲಿಕೆ ಕೊಟ್ಟು, ಅಂಗಳದ ಹಿಮ ಎತ್ತಲು ಹಚ್ಚಿದರು. ತನ್ನ ಅಂಗಳ ಮುಗಿಸಿದ.

"ಬೆವರು ಸಾಲದು" ಎಂದ ಗ್ಲಾಡಿಸ್ ತನ್ನ ಅಂಗಳ ತೋರಿಸಿದಳು. ಲಾಯ್ಡ್‌ಗೆ ತನ್ನ ಅಳಿಯನ ಅಂಗಳ ನೆನಪಾಯಿತು. ಮೈರನ್ ಏದುಸಿರು ಬಿಡುತ್ತಾ ಎತ್ತಿದ. ಹುಡುಗನ ಭವಿಷ್ಯದ ಪ್ರಶ್ನೆ, ಇಲ್ಲವೆನ್ನುವುದು ಹೇಗೆ?

ಕೊನೆಗೆ ಯಾರ ಕಣ್ಣೋ ವೆರ್ನಾ ಉಪ್ಪು ಹಾಕಿ ಹುಳಿ ಬರಿಸಿಟ್ಟಿದ್ದ ಎಲೆಕೋಸಿನ ಭರಣಿಯ ಮೇಲೆ ಬಿತ್ತು. ಮಧ್ಯಾಹ್ನವೆಲ್ಲ ಒಳಂಗಿ ಅದರಲ್ಲಿ ನೆನೆಯಿತು. ಹೊರತೆಗೆದಾಗ ಲಾಯ್ಡ್ ಎರಡು ಹೆಜ್ಜೆ ಹಿಂದೆ ಸರಿದು, "ಈಗ ಸರಿಯಾಯ್ತು" ಎಂದ. ಅದನ್ನು ನೆಲಮಾಳಿಗೆಯಲ್ಲಿ ಮೊದಲಿನಂತೆ ನೇತುಹಾಕಿದರು.

ಶಾಲೆಯಿಂದ ಬಂದ ಡಾರ್ಸಿ ಆಲೂಗಡ್ಡೆ ಕಡುಬು ತಿಂದು ನೆಲಮಾಳಿಗೆಗೆ ಇಳಿದ. ಮೇಲೆ ಬಂದಾಗ ಮೂಗು ಹಿಡಿದುಕೊಂಡಿದ್ದ, ಕಣ್ಣು ಒದ್ದೆಯಾಗಿತ್ತು.

"ಮಾವ, ಇವತ್ತು ಕೆಳಗೆ ಯಾರಾದ್ರೂ ಹೋಗಿದ್ರಾ?"

"ಇಲ್ಲಪ್ಪ. ಯಾರು ಹೋಗ್ತಾರೆ?" ಎಂದ ಮೈರನ್ ಸೊಂಟ ಒತ್ತಿಕೊಳ್ಳುತ್ತಾ.

ಪಾಪ, ಹುಡುಗ ಅದನ್ನೇ ತೊಟ್ಟು ಹೋದ. ಕೆಂಪು ದಾರವಿಲ್ಲದೆ ಹೋದರೆ ತಂಡದವರು ಬಿಡಬೇಕಲ್ಲ.

ಸಂಜೆ ಊರಿನ ಮಂದಿ ಆಟದ ಬಿಲ್ಲೆ ಎತ್ತ ಹೋಯಿತೆಂದು ನೋಡಲೇ ಇಲ್ಲ, ಎದುರಾಳಿಗಳ ಮೂಗು ನೋಡುತ್ತಾ ಕೂತರು. ಡಾರ್ಸಿಯನ್ನು ಅಂಕಣದ ಅಂಚಿನ ಗೋಡೆಗೆ ಅದುಮಿ ತಡೆಯಬೇಕಾಗಿದ್ದ ಎದುರಾಳಿ ದಾಂಡಿಗನೊಬ್ಬ ಹತ್ತಿರ ಬಂದವನೇ "ಥೂ, ಏನೋ ಇದು!" ಎಂದು ಆಚೆ ಜಾರಿದ. ಎದುರು ಯಾರೂ ಇಲ್ಲ, ಮೊದಲ ಗೋಲು. ಎರಡನೆಯ ಸಲ ಗೋಲು ಕಾಯುವವನೇ ಕೈಗವಸಿನಿಂದ ಮುಖ ಮುಚ್ಚಿಕೊಂಡ. ಮೂರನೆಯದಕ್ಕೆ ಮೈರನ್ ಗ್ಲಾಡಿಸಳನ್ನು ತಬ್ಬಿಕೊಂಡು ಅತ್ತೇಬಿಟ್ಟ. ಹುಡುಗ ಗೆದ್ದ ಎಂಬ ಸಂತೋಷ ಅವನಿಗೆ ತಡೆಯಲಾಗಲಿಲ್ಲ. ನೋಡಲು ಬಂದವನು ಡಾರ್ಸಿಯ ಕೈ ಕುಲುಕಿ, ಕೊಂಚ ದೂರ ನಿಂತೇ ಹೇಳಿದ: "ಬುಧವಾರ ನಮ್ಮ ಮುಖ್ಯಸ್ಥರನ್ನೂ ಕರ್ಕೊಂಡು ಬರ್ತೀನಿ. ಹೀಗೇ ಆಡು."

ಮನೆಯಲ್ಲಿ ಸೂಪಿನ ಮುಂದೆ ಕೂತಾಗ ಮೈರನ್‌ಗೆ ಗುಟ್ಟು ಹೊಟ್ಟೆಯಲ್ಲಿ ನಿಲ್ಲಲಿಲ್ಲ.

"ಮಗಾ, ನಿನ್ನ ಒಳಂಗಿ ನಾನು ತೊಳೆದ್ಬಿಟ್ಟಿದ್ದೆ" ಎಂದು ನಡೆದದ್ದನ್ನೆಲ್ಲ ಹೇಳಿದ.

ಡಾರ್ಸಿ ಬಿದ್ದು ಬಿದ್ದು ನಕ್ಕ. "ಮಾವ, ಪ್ರತಿ ಪಂದ್ಯ ಆದ್ಮೇಲೂ ನಾನೇ ತೊಳೀತೀನಿ. ಅತ್ತೇನೇ ಸೋಪು ಕೊಡೋದು. ಊರವರಿಗೆ ಬೇಜಾರಾಗುತ್ತೆ ಅಂತ ಹೇಳಿರ್ಲಿಲ್ಲ. ಅದು ತೊಳೆಯದೆ ಉಳಿದಿದ್ದು ಯಾವತ್ತೂ ಇಲ್ಲ."

ಮೈರನ್‌ಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಅಷ್ಟು ಹಿಮ ಎತ್ತಿದ್ದು ದಂಡ. ಆದರೂ ಹಾಯಾಗಿ ಕುರ್ಚಿಗೆ ಒರಗಿದ.

"ಹಾಗಾದ್ರೆ ಬುಧವಾರ ನಾನು ಆರಾಮಾಗಿ ಇರಬಹುದು ಅನ್ನು."

ಡಾರ್ಸಿಯ ಚಮಚ ನಿಂತಿತು.

"ಅದೇ ಮಾವ... ಇವತ್ತು ಒಬ್ಬನೂ ನನ್ನ ಹತ್ರ ಸುಳೀಲಿಲ್ಲ. ಅಷ್ಟು ಜಾಗ ನಂಗೆ ಹುಟ್ಟಿದ್ಮೇಲೆ ಸಿಕ್ಕಿರ್ಲಿಲ್ಲ. ನಾನು ಇದನ್ನೆಲ್ಲ ನಂಬ್ತಿರ್ಲಿಲ್ಲ. ಈಗ ನಂಬ್ತೀನಿ." ಅವನು ಚೀಲದಿಂದ ಒಳಂಗಿ ತೆಗೆದು ಮೇಜಿನ ಮೇಲಿಟ್ಟ. "ಬುಧವಾರಕ್ಕೂ ಹಾಗೇ ಮಾಡ್ಕೊಡಿ. ನಾಯಿ, ಹಿಮ, ಎಲೆಕೋಸು... ಒಂದೂ ಬಿಡ್ಬೇಡಿ."

ಮೈರನ್ ಭರಣಿಯ ಕಡೆ ನೋಡಿದ. ವೆರ್ನಾ ಬರುವುದು ನಾಳೆ.

ಅಷ್ಟರಲ್ಲಿ ಯಾರೋ ಹಿಂಬಾಗಿಲು ಬಡಿದರು. ತೆರೆದರೆ ಗ್ಲಾಡಿಸ್, ಕೈಯಲ್ಲಿ ಸಲಿಕೆ.

"ಬುಧವಾರದ ವಿಷಯ ಗೊತ್ತಾಯ್ತು ಮೈರನ್. ಇವತ್ತು ರಾತ್ರಿ ಇನ್ನೂ ಹಿಮ ಬೀಳುತ್ತಂತೆ. ನಮ್ಮಕ್ಕನ ಅಂಗಳಾನೂ ಸೇರಿಸ್ಕೋ."